ಎದುರಿನ ಗ್ಯಾಲರಿ

ದೆಲ್ಫಿನಾಳ ರೇಸ್ ಕಾರು ತಿರುವಿನಲ್ಲಿ ಗಿರ್ರನೆ ಸುತ್ತಿ ಮಣ್ಣಿಗಿಳಿದಾಗ ಫೋರ್ಡ್ ಅಭಿಮಾನಿಗಳ ಗ್ಯಾಲರಿಯಿಡೀ ಎದ್ದು ಚಪ್ಪಾಳೆ ತಟ್ಟಿತು. ಅವರ ನಡುವೆ ಕೂತಿದ್ದ ಅವಳ ಅಪ್ಪ ಎವಾರಿಸ್ತೊನ ಮೈ ಉರಿದುಹೋಯಿತು. ತಂದೆಯ ಕಾಲದಿಂದಲೂ ಅವನು ಕೂರುತ್ತಿದ್ದುದು ಅಲ್ಲೇ. ಮಗಳು ಓಡಿಸುತ್ತಿದ್ದುದು ಮಾತ್ರ ಫೋರ್ಡಿನ ಬದ್ಧ ಎದುರಾಳಿ ಶೆವ್ರೊಲೆ.

"ಹೋಗಿ ಅಡುಗೆ ಮಾಡೇ!" ಎಂದು ಪಕ್ಕದಲ್ಲಿದ್ದ ಗೆಳೆಯ ಓಸ್ಮಾರ್ ಕೂಗಿದ. ಆಮೇಲೆ ಎಂದಿನಂತೆ ಇಬ್ಬರೂ ಹಂಚಿಕೊಂಡು ಕುಡಿಯುವ 'ಮಾತೆ' ಎಂಬ ಎಲೆಯ ಕಷಾಯದ ಸೋರೆಬುರುಡೆಯನ್ನು ಚಾಚಿದ. "ತಗೊಳ್ಳೋ, ತಮಾಷೆಗಂದೆ."

ಎವಾರಿಸ್ತೊ ಅದನ್ನು ಇಸಿದುಕೊಂಡು ನೆಲಕ್ಕೆ ಸುರಿದ. "ಚರ್ಚಲ್ಲಿ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ಅವಳನ್ನ ಎತ್ಕೊಂಡಿದ್ದೋನು ನೀನು ಕಣೋ! ಪೆಟ್ಟಾಯ್ತಾ ಅಂತಾದ್ರೂ ನೋಡಿದ್ಯಾ?" ಹಾಗೆಂದವನೇ ಎವಾರಿಸ್ತೊ ಮೆಟ್ಟಿಲಿಳಿದ. ಕೆಳಗೆ ಮಗಳ ಕಾರು ಮಣ್ಣಿನಿಂದ ಹೊರಬಂದು ಮತ್ತೆ ಓಟ ಸೇರಿದ್ದು ಕಂಡರೂ ಅವನ ಸಿಟ್ಟು ಇಳಿಯಲಿಲ್ಲ. ನೇರ ಶೆವ್ರೊಲೆಯವರ ಗ್ಯಾಲರಿಗೇ ಹೋದ.

"ಏನ್ ತಾತ, ದಾರಿ ತಪ್ತಾ?" ಅವನ ಫೋರ್ಡ್ ಅಂಗಿ ಕಂಡ ಒಬ್ಬ ಬೆಂಚಿಗೆ ಅಡ್ಡಲಾಗಿ ಕಾಲು ಚಾಚಿದ.

"ಕಾಲು ತೆಗಿ. ಅಲ್ಲಿ ಓಡಿಸ್ತಿರೋಳು ನನ್ ಮಗಳು."

ಕಾಲು ಸರಿಯಿತು. ಬೆಂಚಿನವರೆಲ್ಲ ಒತ್ತಿಕೊಂಡು ಜಾಗ ಬಿಟ್ಟರು. ದೆಲ್ಫಿನಾಳ ಕಾರು ಎದುರಿಗೆ ಬಂದಾಗ ಸುತ್ತಲಿನವರೆಲ್ಲ "ಶೆವ್ರೊಲೆ!" ಎಂದು ಅಬ್ಬರಿಸಿದರು. ಆ ಹೆಸರು ಎವಾರಿಸ್ತೊನ ಬಾಯಿಗೆ ಬರಲಿಲ್ಲ. ಅವನು ಎದ್ದು ನಿಂತು ಗಂಟಲು ಬಿರಿಯುವಂತೆ ಮಗಳ ಹೆಸರನ್ನೇ ಕೂಗಿದ.