ತೊಟ್ಟಿಲು ಹಚ್ಚಿಕೊಂಡ ಗುಂಡುಕಲ್ಲು

ಮಲಗಿದ ಕೂಸುಗಳ ಉಸಿರು ಕಾಯುವ ಮಾತಾಡುವ ತೊಟ್ಟಿಲುಗಳು ಗದಗಿನ ಮನೆಮನೆಗೂ ಬಂದು ವರ್ಷವಾಗಿತ್ತು. ತನ್ನಲ್ಲಿ ಮೊದಲು ಮಲಗಿದವರನ್ನೇ ತನ್ನ ಕೂಸೆಂದು ಹಚ್ಚಿಕೊಳ್ಳುವುದು ಅವುಗಳ ಗುಣ. ನೀಲವ್ವನೋ, ಹೆಸರಿಡುವ ದಿನ ಪದ್ಧತಿ ಬಿಡದೆ, ಮೊಮ್ಮಗನಿಗಿಂತ ಮೊದಲು ಒರಳಿನ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ ತೂಗಿಬಿಟ್ಟಿದ್ದಳು. ಅಂದಿನಿಂದ ಮೊಮ್ಮಗನನ್ನು ಮಲಗಿಸಿದರೆ ಸಾಕು, ತೊಟ್ಟಿಲು "ಇದ್ಯಾರ ಕೂಸು?" ಎಂದು ಬೊಬ್ಬೆ ಹೊಡೆಯುತ್ತಿತ್ತು. ಹಾಗಾಗಿ ಅವನು ಸೀರೆಯ ಜೋಳಿಗೆಯಲ್ಲಿ, ಕಲ್ಲು ತೊಟ್ಟಿಲಲ್ಲಿ.

ಇವತ್ತು ಮಧ್ಯಾಹ್ನ ರೊಟ್ಟಿಗೆ ಕೆಂಪು ಚಟ್ನಿ ಬೇಕಾಗಿ ನೀಲವ್ವ ಕಲ್ಲನ್ನು ಮೆಲ್ಲಗೆ ಎತ್ತಿದಳು.

"ಕೂಸನ್ನ ಎಲ್ಲಿಗೆ ಒಯ್ಯಾಕತ್ತಿ?" ಎಂದಿತು ತೊಟ್ಟಿಲು.

"ಚಟ್ನಿ ಅರಿಯಾಕ," ಎಂದು ಬಾಯಿತಪ್ಪಿ ಅಂದುಬಿಟ್ಟಳು.

ಓಣಿಗೆಲ್ಲ ಕೇಳುವಂತೆ ತೊಟ್ಟಿಲಿನ ಸೈರನ್ ಕೂಗಿತು. ಚಟ್ನಿ ಅರ್ಧ ಅರೆಯುವಷ್ಟರಲ್ಲಿ ತೊಟ್ಟಿಲು ಇಲಾಖೆಯ ಸಾಹೇಬರು ಓಡಿ ಬಂದರು. ಸರಿಯಾಗಿ ನೋಡಿಕೊಳ್ಳದವರ ಮನೆಯ ಕೂಸನ್ನು ಇಲಾಖೆಯೇ ಒಯ್ದುಬಿಡುತ್ತಿತ್ತು. ತವರಿನಿಂದ ತಂದ ಕಲ್ಲು ಹೋದರೆ ಚಟ್ನಿಗೇನು ಗತಿ ಎಂದು ನೀಲವ್ವನಿಗೆ ಚಿಂತೆ ಹತ್ತಿತು. ಅವಸರದಲ್ಲಿ ಕಲ್ಲನ್ನು ಸೆರಗಿನಿಂದ ಒರೆಸಿ ತೊಟ್ಟಿಲಿಗಿಟ್ಟಳು.

"ಉಸಿರಿಲ್ಲ, ಅಳು ಇಲ್ಲ. ಕೂಸು ದಿನದಂಗ ಆರಾಮ ಐತಿ," ಎಂದು ತೊಟ್ಟಿಲು ತಣ್ಣಗಾಯಿತು.

ಸಾಹೇಬರು ಮಾತ್ರ ಬಗ್ಗಿ ಕಲ್ಲಿನ ಗಲ್ಲ ಸವರಿದರು, ಬೆರಳು ನೆಕ್ಕಿದರು, ನೀರೂರಿದ ಕಣ್ಣು ಒರೆಸಿಕೊಂಡರು.

"ಎಂಥಾಕಿ ಬೇ ಯವ್ವಾ ನೀ! ಆರು ತಿಂಗಳ ತುಂಬೋತನಕ ಕೂಸಿಗೆ ಖಾರ ತಿನಸಬಾರದು ಅನ್ನೂದು ಗೊತ್ತಿಲ್ಲೇನು?"