ಬಾಗಿಲವರೆಗಿನ ನಡಿಗೆ

"ಬಾಗಿಲವರೆಗೆ ನಿಮ್ಮ ಮಾಮೂಲಿ ನಡಿಗೇಲಿ ಹೋಗಿ ಬನ್ನಿ" ಎಂದರು ಡಾಕ್ಟರು. ಹಿಂದಿ ಸಿನಿಮಾಗಳಲ್ಲಿ ದರೋಡೆಕೋರನಿಂದ ಜಡ್ಜಿನವರೆಗೆ ಎಲ್ಲ ಪಾತ್ರಕ್ಕೂ ಬಣ್ಣ ಹಚ್ಚಿದ್ದ ನಟ ಎದ್ದು ನಿಂತವನು ನಿಂತೇಬಿಟ್ಟ. ಸೊಂಟದ ನೋವಿಗೆ ಆಪರೇಷನ್ ಬೇಕೋ ಬೇಡವೋ ಎಂಬುದು ಆ ನಾಲ್ಕು ಹೆಜ್ಜೆಯಿಂದ ತಿಳಿಯಬೇಕಿತ್ತು. ಆದರೆ ಮಾಮೂಲಿ ನಡಿಗೆ ಎಂದರೆ ಯಾವುದು?

ಎದೆಯುಬ್ಬಿಸಿ ನಡೆದ. ಮೂಲೆಯ ಕುರ್ಚಿಯಲ್ಲಿದ್ದ ಹೆಂಡತಿ ತಲೆಯಾಡಿಸಿದಳು. "ಇದು ಇನ್‌ಸ್ಪೆಕ್ಟರ್‌ದು, ಡಾಕ್ಟ್ರೇ. ಬರ್ಕೋಬೇಡಿ." ಭುಜ ಇಳಿಬಿಟ್ಟು ಮತ್ತೊಮ್ಮೆ ನಡೆದ. "ಇದು ಆ ಬಡ ಮೇಷ್ಟ್ರದು. ರೀ, ನಿಮ್ದು ನಡೀರಿ ಅಂದ್ರೆ."

"ನಂದೇ ಕಣೇ ಇದು" ಎಂದ. ಆ ದನಿಯೂ ಮೇಷ್ಟರದ್ದಾಗಿಯೇ ಕೇಳಿಸಿ ಅವನಿಗೆ ಗಾಬರಿಯಾಯಿತು. ದೇವರು ಕೊಟ್ಟು ಕಳಿಸಿದ ಕಾಲನ್ನು ಕಂಡಕಂಡವರಿಗೆ ಎರವಲು ಕೊಟ್ಟು, ವಾಪಸು ಕೇಳಲು ಮರೆತವನಂತೆ ನೆಲ ನೋಡುತ್ತ ನಿಂತ. ಡಾಕ್ಟರು ಪೆನ್ನು ಕೆಳಗಿಟ್ಟರು. ಹೆಂಡತಿ ಚೀಲ ಹೆಗಲಿಗೇರಿಸಿಕೊಂಡು ಎದ್ದಳು. "ನಿಮ್ಮ ನಡಿಗೆ ಸಿಕ್ಕಿದ ದಿನ ಬರೋಣ ಬಿಡಿ. ನಾನಂತೂ ಹೊರಟೆ" ಎಂದವಳು ಹಿಂದಿರುಗಿಯೂ ನೋಡದೆ ಬಾಗಿಲು ದಾಟಿದಳು.

"ಲೇ, ನಿಲ್ಲೇ, ನಾನೂ ಬಂದೆ" ಎನ್ನುತ್ತ ಅವನು ಬೆನ್ನಿಗೇ ಹೊರಟ. ಎಡಗಾಲು ಹೊರಮುಖವಾಗಿ ತಿರುಗಿ, ಅರ್ಧ ಹೆಜ್ಜೆ ಹಿಂದುಳಿದು, ನೆಲ ಸವರುತ್ತ ಬರುತ್ತಿತ್ತು.

"ಹಾಂ, ಇದೇ. ಆಪರೇಷನ್ ಮಾಡ್ಲೇಬೇಕು" ಎಂದು ಡಾಕ್ಟರು ಪೆನ್ನೆತ್ತಿಕೊಂಡರು. ಅವನು ಹೊಸ್ತಿಲಲ್ಲೇ ನಿಂತು ತನ್ನ ಕಾಲನ್ನೊಮ್ಮೆ ನೋಡಿಕೊಂಡ. ಆಮೇಲೆ ಹೊರಗೆ ನಿಂತಿದ್ದವಳನ್ನು ಮೆಲ್ಲಗೆ ಕೇಳಿದ:

"ಇದು ಯಾವ ಸಿನಿಮಾದ್ದೇ?"