ತಳದ ಮೀನು

ಓಂಕಾರಪ್ಪನವರು ಮಂಡಕ್ಕಿ ಚೀಲದ ದಾರ ಬಿಚ್ಚುವ ಮೊದಲೇ ಮೀನುಗಳು ಮೇಲೆ ಬಂದಿದ್ದವು. ಭದ್ರೆಯ ಮೆಟ್ಟಿಲ ಬಳಿ ನೀರು ಕಾಣದಷ್ಟು ಮೀನು, ಎಲ್ಲವೂ ಬಾಯಿ ಬಿಟ್ಟುಕೊಂಡು.

"ನೋಡಿದ್ಯೇನೇ, ನಮಗೇ ಕಾಯ್ತಾ ಇದ್ವು," ಎಂದು ಹೆಂಡತಿ ಶಂಕರಮ್ಮನಿಗೆ ಹೇಳಿ ಹಿಡಿ ತುಂಬ ಎರಚಿದರು. ಸೋಮವಾರದ ಈ ಸೇವೆಯನ್ನು ಅವರು ಎಂದೂ ತಪ್ಪಿಸಿದವರಲ್ಲ. ಹೊಳೆಯ ಮೇಲ್ಗಡೆ, ಮಾಚೇನಹಳ್ಳಿಯ ಅವರ ರಟ್ಟಿನ ಕಾರ್ಖಾನೆ ವಾರವಿಡೀ ನೀರಿಗೆ ಬಿಡುವುದರ ಮಾತು ಬೇರೆ.

ಸೊಸೆ ಮೀರಾ ಶಿವಮೊಗ್ಗದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುವವಳು. ಮೆಟ್ಟಿಲಿಳಿದು ಒಂದು ಮೀನನ್ನು ಬೊಗಸೆಯಲ್ಲಿ ಎತ್ತಿದಳು. ಅದು ಕೊಸರಾಡಲೂ ಇಲ್ಲ.

"ಮಾವ, ಇದ್ರ ಬಾಯಿ ನೋಡಿ. ತಲೆಯ ಅಡಿಗಿದೆ. ತಳದಲ್ಲಿ ಕಲ್ಲಿನ ಪಾಚಿ ಕೆರೆದು ತಿನ್ನೋಕೆ ಅಂತ್ಲೇ ಇರೋ ಬಾಯಿ. ಊಟಕ್ಕೆ ಮೇಲೆ ಬರೋ ಜಾತಿನೇ ಅಲ್ಲ ಇದು. ಉಸಿರಿಗೆ ಬಂದಿದೆ."

"ಹಸಿದ್ರೆ ಯಾರಾದ್ರೂ ಬರ್ತಾರಮ್ಮ."

"ಹಸಿದು ಬಂದಿದ್ರೆ ತಿನ್ನಬೇಕಿತ್ತಲ್ಲ? ನೀವು ಹಾಕಿದ್ದು ಒಂದಾದ್ರೂ ಮುಟ್ಟಿವೆಯಾ?"

ನಿಜ. ಮಂಡಕ್ಕಿ ಬೆಳ್ಳಗೆ ತೇಲುತ್ತಿತ್ತು. ಮೀನುಗಳು ಅದರ ನಡುವೆ ಬರೀ ಗಾಳಿ ನುಂಗುತ್ತಿದ್ದವು.

"ಎದುರಿಗೇ ಎಸ್‌ಟಿಡಿ ಬೂತ್ ಇದೆ," ಎಂದಳು ಮೀರಾ. "ಫ್ಯಾಕ್ಟರಿಗೆ ಫೋನ್ ಮಾಡಿ, ಆ ಕೊಳೆನೀರು ನಿಲ್ಲಿಸಿ. ಈಗ್ಲೇ ನಿಲ್ಲಿಸಿದ್ರೆ ಅರ್ಧ ಆದ್ರೂ ಉಳೀತವೆ."

"ಓದಿದೋಳು ಹೇಳ್ತಾಳೆ, ಒಂದ್ ಫೋನ್ ಮಾಡಿಬಿಡಿ," ಎಂದರು ಶಂಕರಮ್ಮ ಮೆಲ್ಲಗೆ.

"ದೇವರ ಕೆಲಸದ ಮಧ್ಯೆ ಫ್ಯಾಕ್ಟರಿ ಮಾತು ಬೇಡ. ಸೇವೆ ಮುಗೀಲಿ."

ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ. ಓಂಕಾರಪ್ಪನವರು ಅವಸರ ಮಾಡಲಿಲ್ಲ. ಹಿಡಿ ಹಿಡಿಯಾಗಿ ಎರಚಿದರು, ಕೈಕಾಲು ತೊಳೆದರು, ಹೊಳೆಗೆ ಕೈ ಮುಗಿದರು. ಬೂತಿನಲ್ಲಿ ಯಾರೋ ಮಾತಾಡುತ್ತಿದ್ದರು, ಅವರು ಮುಗಿಸುವವರೆಗೂ ಹೊರಗೆ ನಿಂತರು.

ಫೋನ್ ಮಾಡಿ ವಾಪಸು ಬರುವಾಗ ಹೊಳೆ ಸದ್ದಡಗಿತ್ತು. ಮೀನುಗಳು ಅಂಗಾತ ತೇಲುತ್ತಿದ್ದವು, ಹೊಟ್ಟೆಯ ಬಿಳುಪಿಗೂ ಮಂಡಕ್ಕಿಯ ಬಿಳುಪಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಶಂಕರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತಿದ್ದರು.

ಮೀರಾ ಚೀಲ ಕೊಡವಿ, ತಳದಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಮಾವನ ಅಂಗೈಗೆ ಸುರಿದಳು.

"ಹಾಕಿ ಮಾವ. ಈಗ ಅವುಗಳ ಬಾಯಿ ಮೇಲಕ್ಕಿದೆ."